ಖಲೀಲನ ಕಾಲು, ಮೌಲಾ ಸಾಬರ ಎಣ್ಣೆ

ಆನೆಕೊಂಡದ ಖಲೀಲ್ ಮಂಡಕ್ಕಿ ಭಟ್ಟಿಯ ಮುಂದೆ ದಿನವಿಡೀ ನಿಂತರೂ ಜಗ್ಗದ ಆಳು. ಆದರೆ ಕೂತನೋ, ಮೊಣಕಾಲ ಕೆಳಗೆ ಹತ್ತು ಲಕ್ಷ ಇರುವೆ ಹರಿಯುತ್ತಿದ್ದವು. ಹತ್ತು ಲಕ್ಷಕ್ಕೆ ಒಂದೂ ಕಮ್ಮಿಯಿಲ್ಲ. ಎದ್ದು ನಡೆದರಷ್ಟೇ ಬಿಡುಗಡೆ. ಹರಿಹರದಲ್ಲಿ ಹೆಂಡತಿಯ ತೀರಿಕೊಂಡ ದೊಡ್ಡಪ್ಪನ ಫಾತೇಹಾ ಪ್ರಾರ್ಥನೆಗೆ ಕೂತವನು ಮೂರು ಸಲ ಎದ್ದು ಅಂಗಳ ಸುತ್ತಿ ಬಂದ. ಮಾವ ಮೌಲಾ ಸಾಬರ ಗಡ್ಡ ನಿಗುರಿತು.

"ನಮ್ಮಣ್ಣ ಸತ್ರೂ ಕುಂಡ್ರಾಕ ಆಗಲ್ಲೇನು? ನಾಟಕ! ರೋಗ ಐತೆ ಅಂತ ತೋರ್ಸು, ಆಮ್ಯಾಲೆ ನನ್ನ ಹೊಸ್ತಿಲು ತುಳಿ. ಇದ್ದಿದ್ದೇ ಆದ್ರ ಇದು ಹಚ್ಚು, ನಲವತ್ತು ದಿನಕ್ಕ ಹೋಗ್ತೈತೆ," ಎಂದು ತಾವೇ ಕಾಸಿದ ಎಣ್ಣೆ ಡಬ್ಬಿ ಕೈಗಿಟ್ಟರು.

ಕುರಿಕೊಬ್ಬು, ಬೆಳ್ಳುಳ್ಳಿ, ಬೇವಿನೆಣ್ಣೆ. ವಾರದಲ್ಲೇ ಅದು ಕೊಳೆತು, ಆನೆಕೊಂಡದ ನೊಣಗಳು ಊರು ಬಿಟ್ಟವು. ಖಲೀಲನಿಗೆ ತನ್ನ ಕಾಲು ಕಂಡರೇ ವಾಕರಿಕೆ. ತುತ್ತೆತ್ತಿದರೆ ಅನ್ನವೂ ಅದೇ ನಾತ. ಆದರೂ ಹಚ್ಚಿದ.

ಇರುವೆ ಮಾತ್ರ ಹೋಗಲಿಲ್ಲ. ಮೂವತ್ತೊಂಬತ್ತನೇ ದಿನ, ರೋಗ ಇದೆಯೆಂದು ತೋರಿಸಲು, ಎಂ.ಸಿ.ಸಿ. ಬಡಾವಣೆಯ ಸ್ಕ್ಯಾನ್ ಸೆಂಟರಿಗೆ ಹೋದ. ಅವನು ಹತ್ತಿದ ಸಿಟಿ ಬಸ್ಸು ಎರಡೇ ಸ್ಟಾಪಿಗೆ ಖಾಲಿ. ಡ್ರೈವರ್ ಮಾತ್ರ ನೌಕರಿಗೆ ಹೆದರಿ ಉಳಿದ. ಹರಿಹರದಿಂದ ಸಾಕ್ಷಿಗೆ ಬಂದಿದ್ದ ಮಾವ, ಅಳಿಯ ಕಂಡದ್ದೇ ಕಿವಿಯಲ್ಲಿದ್ದ ಅತ್ತರಿನ ಹತ್ತಿಯನ್ನು ಮೂಗಿಗೆ ಸಿಕ್ಕಿಸಿಕೊಂಡರು.

ಡಾಕ್ಟರ್ ರೇವತಿ ಎರಡು ಮಾಸ್ಕ್ ಹಾಕಿ ಬಂದರು. "ಮೆದುಳಿನಾಗ ಡೋಪಮೈನ್ ಅಂತ ಐತ್ರಿ. ಕೈಕಾಲು ಆಡ್ಸೋದ್ರಾಗ ಅದರದ್ದೂ ಪಾಲೈತಿ. ಆ ಜಾಗದ ಚಿತ್ರ ತೆಗೀತೀವಿ. ತಲೆ ಅಲುಗಿದ್ರ ಕೆಡ್ತದೆ." ಪರೀಕ್ಷೆಗೆ ರಕ್ತ ತೆಗೆದು, ಚಿತ್ರಕ್ಕೆ ಬೇಕಾದ ಔಷಧಿಯ ಸೂಜಿ ಚುಚ್ಚಿ, ಮೂರು ತಾಸು ಕಾಯಿಸಿ, ಮಲಗಿಸಿದರು. ಇರುವೆಗಳು ಬಂದವು. ಕಾಲು ಕುಣಿಯಿತು, ನಾತ ಮೂಗಿಗೇರಿತು. ಗಂಟಲಿಗೆ ಬಂದ ವಾಂತಿಯನ್ನು ಏಳು ಸಲ ನುಂಗಿದ. ತಲೆ ಮಾತ್ರ ಕಲ್ಲಾಗಿತ್ತು.

"ಚಿತ್ರ ಸರಿಯಾಗೈತ್ರಿ, ಏನೂ ದೋಷ ಕಾಣಲ್ಲ," ಎಂದರು ಡಾಕ್ಟರ್.

"ಕೇಳಿದ್ಯಾ? ನಾಟಕ!"

"ಹಂಗಲ್ರಿ ಹಿರಿಯರೇ. ಕುಂತ್ರ ಕಾಲು ಸುಮ್ನಿರದ ಈ ಕಾಯಿಲೆಯಾಗ ಈ ಚಿತ್ರ ಬಾಳ ಸಲ ಹಿಂಗೇ ಬರ್ತದೆ. ಇವರು ಹೇಳೋ ತ್ರಾಸು ಕೇಳೇ ನಾವು ಗುರುತು ಹಿಡಿಯೋದು. ರಕ್ತದಾಗ ಕಬ್ಬಿಣಾನೂ ಕಮ್ಮಿ ಐತೆ, ಅದಕ್ಕ ಔಷಧಿ ಕೊಡ್ತೀನಿ. ಆ ಎಣ್ಣೆ ಮಾತ್ರ ಇವತ್ತೇ ಬಿಡ್ರಿ."

ಮಾವನ ಮುಖ ಸಡಿಲಾಗಲಿಲ್ಲ. ಖಲೀಲ್ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

"ಮಾಮಾ, ಮೂಗಿನ ಹತ್ತಿ ತೆಗೀರಿ."

ಮೌಲಾ ಸಾಬರು ಹಟಕ್ಕೆ ತೆಗೆದರು. ಒಂದೇ ಉಸಿರು. ಬಾಗಿಲಿಗೋಡಿ ಮೋರಿಗೆ ಬಗ್ಗಿದವರು ಬೆಳಗಿನ ಮಿರ್ಚಿಯಿಂದ ಹಿಡಿದು ಹೋದ ರಂಜಾನಿನ ಬಿರಿಯಾನಿವರೆಗೂ ಕಕ್ಕಿದರು.

"ಇದನ್ನ... ದಿನಾ ಹಚ್ಚಿದ್ಯಾ?"

"ದಿನಾ ಹಚ್ಚಿದೆ."

ಮುದುಕ ಬಾಯಿ ಒರೆಸಿಕೊಂಡು, ಅಳಿಯನ ಕಾಲನ್ನೇ ನೋಡಿದರು. "ನಾಟಕ ಮಾಡೋನು ಈ ಹೇಸಿಗೆ ಒಂದು ದಿನಾನೂ ಹಚ್ಚಲ್ಲ ಬಿಡು. ನಾಳೆ ಮನೀಗೆ ಬಾ. ಬೇಕಾದಷ್ಟು ಸಲ ಎದ್ದು ತಿರುಗಾಡು." ಹತ್ತಿಯನ್ನು ಮತ್ತೆ ಮೂಗಿಗೆ ಒತ್ತಿಕೊಂಡರು. "ಕಾಲು ತೊಳಕಂಡು ಬಾ, ಮಾರಾಯ."