ಆಚೆಯವನ ಹೆಗಲು

ಮಗಳು ದಾರವನ್ನು ಹಲ್ಲಿನಿಂದ ಕಡಿದು, ಅಪ್ಪನ ಅಂಗಿಯ ಕೊನೆಯ ಗುಂಡಿಯನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. ಊರಿಗೆಲ್ಲ ಅಳತೆ ತಪ್ಪದೆ ಹೊಲಿದುಕೊಟ್ಟ ದರ್ಜಿ ತನ್ನ ಹೊಸ ಅಂಗಿಯನ್ನು ಮಾತ್ರ ಗುಂಡಿಯಿಲ್ಲದೆ ಗೂಟಕ್ಕೆ ನೇತುಹಾಕಿದ್ದ. ಕೇಳಿದರೆ, "ನಾನೇನು ಓಡಿಹೋಗ್ತೀನಾ? ಗಿರಾಕಿಗಳದ್ದು ಮೊದಲು" ಅನ್ನುತ್ತಿದ್ದ. ಈಗ ಅವನ ಶವವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ್ದರು. ಮನೆಯಲ್ಲಿ ಅವನುದ್ದದ ಮೇಜು ಅದೊಂದೇ.

"ಪೆಟ್ಟಿಗೆ ಹೊರೋಕೆ ಆರು ಜನ ಬೇಕು. ನಾವು ಉಳಿದಿರೋದು ಐದೇ," ಅಂದ ಮೀಸೆ ಮಾಮ. ದರ್ಜಿಯ ಜೊತೆ ಗಡಿಯ ಗುಡ್ಡದ ಮೇಲೆ ಒಂದೇ ಕಂದಕದಲ್ಲಿ ಕೂತು ಯುದ್ಧ ಮಾಡಿದವನು ಅವನು. ಸ್ವಂತ ತಮ್ಮನನ್ನು ಅಲ್ಲೇ ಕಳೆದುಕೊಂಡವನು.

"ಆರನೆಯವರು ದೊಡ್ಡಪ್ಪ. ಬೆಳಗಿನ ಬಸ್ಸಿಗೆ ಬರ್ತಿದಾರೆ."

"ಯಾವ ದೊಡ್ಡಪ್ಪ? ನಿಮ್ಮಪ್ಪನೇ ಮನೆಗೆ ಹಿರೀಮಗ."

"ಗಡಿ ಆಚೆಯ ದೊಡ್ಡಪ್ಪ."

ಮೀಸೆ ಮಾಮನ ಮುಖ ಕೆಂಪೇರಿತು. "ದೊಡ್ಡಪ್ಪ ಅಂತೆ! ಅವನು ಇಲ್ಲಿ ಬಂದು ಉಂಡು ಹೋಗ್ತಿದ್ದಾಗ ನಾನು ಕಣ್ಣು ಮುಚ್ಕೊಂಡಿದ್ದೆ. ಹೆಗಲು ಕೊಡೋದು ಅಂದ್ರೆ ಬೇರೆ ಮಾತು. ಆ ಗುಡ್ಡದಲ್ಲಿದ್ದವರನ್ನ ಆ ಗುಡ್ಡದಲ್ಲಿದ್ದವರೇ ಹೊರಬೇಕು. ಅದು ನಾವು ಹಾಕ್ಕೊಂಡ ಕಟ್ಟು."

"ಅವರೂ ಆ ಗುಡ್ಡದಲ್ಲೇ ಇದ್ರಲ್ಲ, ಮಾಮ."

"ಎದುರುಗಡೆ ಇದ್ದ!"

"ಇದ್ರು ತಾನೆ?"

ಹಿಂದೆ ನಿಂತ ನಾಲ್ವರು ಮುದುಕ ಸಿಪಾಯಿಗಳಲ್ಲೊಬ್ಬ ನಗು ತಡೆಯಲಾರದೆ ಕೆಮ್ಮಿದ. ಮೀಸೆ ಮಾಮ ತಿರುಗಿ ಅವನನ್ನು ನುಂಗುವ ಹಾಗೆ ನೋಡಿದ. "ಅವನು ಮುಟ್ಟಿದ್ರೆ ನಾವು ಐದೂ ಜನ ಹೊರಡ್ತೀವಿ. ಆಮೇಲೆ ನೀನೂ ನಿಮ್ಮಮ್ಮನೂ ಹೊತ್ಕೊಳ್ಳಿ."

"ಹೊರ್ತೀವಿ. ದೊಡ್ಡಪ್ಪ ಹೆಗಲು ಕೊಡ್ಲಿ ಅಂತ ಅಪ್ಪ ಕಡೇದಾಗಿ ಕೇಳಿದ್ದು ಅದೊಂದೇ. ಅದನ್ನೂ ನಡೆಸದಿದ್ರೆ ನಾನೆಂಥ ಮಗಳು?"

ಅವಳು ಅಪ್ಪನ ತೋಳನ್ನು ಮೆಲ್ಲಗೆ ಎತ್ತಿ ಅಂಗಿಯೊಳಗೆ ತೂರಿಸಿದಳು.

*

ಯುದ್ಧದ ಆ ಚಳಿಗಾಲದಲ್ಲಿ ದರ್ಜಿ ಇನ್ನೂ ದರ್ಜಿಯಾಗಿರಲಿಲ್ಲ, ಮೀಸೆ ಮೂಡದ ಸಿಪಾಯಿ. ಗುಡ್ಡದ ಮೇಲೆ ಮೊಣಕಾಲುದ್ದ ಹಿಮ. ಗುಂಡಿನ ಸದ್ದು ನಿಂತ ಮೇಲೆ ಕಂದಕದಿಂದ ತೆವಳಿ ಹೋದಾಗ, ಆ ಕಡೆಯ ಸಿಪಾಯಿಯೊಬ್ಬ ತೊಡೆಗೆ ಗುಂಡು ತಗುಲಿ ಬಿದ್ದಿದ್ದ. ಎರಡೂ ಕಡೆಯ ಮಾತು ಒಂದೇ, ರಾಗ ಬೇರೆ.

"ನೀರು," ಅಂದ ಅವನು.

ಇವನ ಸೊಂಟದಲ್ಲಿ ನೀರಿನ ಬಾಟಲಿ ತುಂಬಿತ್ತು. ಆದರೆ ಇವನು ಬಗ್ಗಿ ಅವನ ಕೋಟು ಬಿಚ್ಚಿದ. ಸಾಯುವವನಿಗೆ ಬೆಚ್ಚಗಿನ ಕೋಟು ಯಾಕೆ ಎಂದು ತನಗೆ ತಾನೇ ಹೇಳಿಕೊಂಡ. ಅವನು ಕೋಟಿನ ತೋಳಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಇವನು ಒಂದೊಂದೇ ಬೆರಳು ಬಿಡಿಸಿದ.

ಯುದ್ಧ ಮುಗಿಯಿತು. ಮದುವೆಯಾಯಿತು, ಅಂಗಡಿಯಾಯಿತು, ಮಗಳು ದೊಡ್ಡವಳಾದಳು. ಆ ಬೆರಳುಗಳು ಮಾತ್ರ ನಿದ್ದೆಗೆ ಬರುವುದನ್ನು ಬಿಡಲಿಲ್ಲ. ಗಡಿ ತೆರೆದು ಎರಡೂ ಕಡೆಯ ಹಳೆ ಸಿಪಾಯಿಗಳು ವರ್ಷಕ್ಕೊಮ್ಮೆ ಸೇರತೊಡಗಿದಾಗ, ದರ್ಜಿ ಆ ಕೋಟನ್ನು ಒಯ್ದು ಕುರ್ಚಿಯ ಬೆನ್ನಿಗೆ ಹಾಕಿ ಕೂತಿರುತ್ತಿದ್ದ. "ಏನಪ್ಪಾ, ಮಾರೋಕೆ ಕೂತಿದೀಯಾ?" ಎಂದು ಹೋಗುವವರೆಲ್ಲ ಗೇಲಿ ಮಾಡುತ್ತಿದ್ದರು. ಒಂದು ವರ್ಷ, ಕುಂಟುತ್ತ ಬಂದ ಡೊಳ್ಳುಹೊಟ್ಟೆಯವನೊಬ್ಬ ನಿಂತು ಕೋಟಿನ ತೋಳನ್ನು ಒಳಮಗ್ಗುಲು ತಿರುಗಿಸಿ ನೋಡಿದ.

"ಇದು ನಮ್ಮಮ್ಮ ಹಾಕಿದ ತೇಪೆ. ಎಲ್ಲಿ ಸಿಕ್ತು?"

"ಸಿಕ್ಕಿದ್ದಲ್ಲ. ನಿಮ್ಮಿಂದ ಕಿತ್ಕೊಂಡಿದ್ದು. ನಾನೇ."

ಗಡಿ ಆಚೆಯವ ಕೋಟಿನ ತೋಳನ್ನು ಕೈಬಿಟ್ಟ. "ಕೋಟು ಹಾಳಾಗ್ಲಿ. ನೀರು ಯಾಕೆ ಕೊಡಲಿಲ್ಲ?"

ದರ್ಜಿ ಎಲ್ಲರೆದುರು ಬಿಕ್ಕಿಬಿಕ್ಕಿ ಅತ್ತ. ಆಚೆಯವ ಕ್ಷಮಿಸಿದೆ ಅನ್ನಲಿಲ್ಲ, ಬಿಟ್ಟೂ ಹೋಗಲಿಲ್ಲ. ಕೊನೆಗೆ ಕೋಟು ತೊಟ್ಟು ನೋಡಿದ. ಹೊಟ್ಟೆ ಅಡ್ಡ ಬಂದು ಗುಂಡಿ ತೂತಿನ ಹತ್ತಿರಕ್ಕೂ ಸುಳಿಯಲಿಲ್ಲ.

"ಬಿಚ್ಚಿ ದೊಡ್ಡದು ಮಾಡ್ಕೊಡ್ತೀನಿ," ಅಂದ ಇವನು ಮೂಗು ಒರೆಸಿಕೊಳ್ಳುತ್ತ. "ನಾನು ದರ್ಜಿ."

"ಸರಿಯಾಗಿ ಬರದಿದ್ರೆ?"

"ಮತ್ತೆ ಬನ್ನಿ."

ಅವನು ಮತ್ತೆ ಬಂದ. ಪ್ರತಿ ಚಳಿಗಾಲವೂ ಬಂದ, ಹೊಟ್ಟೆ ಬೆಳೆಯಿತೆಂದು ಒಂದು ಸಲ, ಕರಗಿತೆಂದು ಇನ್ನೊಂದು ಸಲ. ಕೋಟು ಬರೀ ನೆಪ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

*

ಆಚೆಯವ ಬಂದಾಗ ದರ್ಜಿಯನ್ನು ಪೆಟ್ಟಿಗೆಯೊಳಗೆ ಇಳಿಸಿಯಾಗಿತ್ತು. ಅವನು ಯಾರನ್ನೂ ಮಾತಾಡಿಸದೆ ನೇರ ಹೋಗಿ ಪೆಟ್ಟಿಗೆಯ ಅಂಚು ಹಿಡಿದು ನಿಂತ.

"ಏ ದರ್ಜಿ, ಎರಡನೇ ಸಲ ಬಿಟ್ಟು ಹೊರಟೆಯಲ್ಲೋ ನನ್ನ," ಅಂದ. 

ಮೀಸೆ ಮಾಮ ಅಡ್ಡ ಬಂದು ನಿಂತ. "ನನ್ನ ತಮ್ಮ ಆ ಗುಡ್ಡದಿಂದ ಇಳಿದು ಬರಲಿಲ್ಲ. ಗೊತ್ತಾ ನಿಂಗೆ?"

"ಗೊತ್ತು. ಇವನು ಹೇಳಿದ್ದ. ಆ ಗುಂಡು ನಂದೋ ಅಲ್ವೋ ಗೊತ್ತಿಲ್ಲ. ನಂದೂ ಇರಬಹುದು. ಅಲ್ಲ ಅಂತ ಹೇಳೋಕೆ ನಾನು ಬಂದಿಲ್ಲ."

 ಗೋಡೆಗೊರಗಿ ಕೂತಿದ್ದ ದರ್ಜಿಯ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನನ್ನ ಗಂಡ ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಇವರು ಸಿಕ್ಕಿದ ಮೇಲೇ. ನನಗಷ್ಟು ಸಾಕು. ಹೊತ್ತಾಯ್ತು, ಹೊರೋರು ಹೊರಿ, ಹೋಗೋರು ಹೋಗಿ."

ನಾಲ್ವರು ಮುದುಕರು ಮೀಸೆ ಮಾಮನ ಮುಖ ನೋಡಿದರು. ಅವನು ಬಾಗಿಲ ಕಡೆ ನಡೆದ.  ಬಾಗಿಲಲ್ಲಿ ನಿಂತು, ಬೀದಿಯನ್ನೊಮ್ಮೆ ನೋಡಿ, ಅವನು ವಾಪಸು ಬಂದ. ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಆಚೆಯವ ಅವನ ಹಿಂದೆಯೇ ನಿಂತ. ಆರೂ ಜನ ಎತ್ತಿದರು.

"ಎಡ!" ಎಂದು ಕೂಗಿದ ಮೀಸೆ ಮಾಮ, ಹಳೆಯ ಕವಾಯತಿನ ದನಿಯಲ್ಲಿ.

ಐದು ಎಡಗಾಲುಗಳು ಮುಂದಾದವು. ಒಂದು ಬಲಗಾಲು ಮುಂದಾಯಿತು. ಪೆಟ್ಟಿಗೆ ವಾಲಿತು. ಮಗಳು ಓಡಿ ಬಂದು ಕೈಕೊಟ್ಟಳು.

"ತಪ್ಪಾಯ್ತು," ಅಂದ ಆಚೆಯವ, ಬೆವರುತ್ತ. "ನಮ್ಮ ಪಡೆಯಲ್ಲಿ ಬಲಗಾಲು ಮೊದಲು. ಮುದಿ ಕಾಲು, ಹೇಳಿದ ಮಾತು ಕೇಳ್ತಿಲ್ಲ."

ಮೀಸೆ ಮಾಮ ಹಿಂತಿರುಗಿ ನೋಡಲಿಲ್ಲ. 

"ಬಲ," ಅಂದ, ಈ ಸಲ ಕೂಗದೆ.

ಐವರು ಮುದುಕರು ತಲೆ ತಗ್ಗಿಸಿ ತಮ್ಮ ತಮ್ಮ ಕಾಲುಗಳನ್ನೇ ನೋಡಿಕೊಂಡರು, ಹೊಸದಾಗಿ ನಡೆಯಲು ಕಲಿಯುವವರ ಹಾಗೆ. ಆಮೇಲೆ ಬಲಗಾಲು ಎತ್ತಿಟ್ಟು, ಕುಂಟನ ಗಿಡ್ಡ ಹೆಜ್ಜೆಗೆ ತಮ್ಮ ಹೆಜ್ಜೆ ಕಿರಿದು ಮಾಡಿಕೊಂಡು, ಹೊಸ್ತಿಲು ದಾಟಿದರು.