ಕೆಳಗಿನ ಸಾಹೇಬರು

ಶವಪೆಟ್ಟಿಗೆಯ ಮೂಲೆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಗುಲಿತು. ಸುಣ್ಣ ಉದುರಿತು.

"ನಿಧಾನ," ಎಂದಳು ಅವಳು ಮೇಲಿನಿಂದ.

"ನಾವಿದ್ದೀವಲ್ಲಮ್ಮ, ನೀನು ಒಳಗೆ ಕೂತ್ಕೋ," ಎಂದರು ಭಾವ, ಗಂಡನ ಅಣ್ಣ. ಹೊತ್ತ ನಾಲ್ವರಲ್ಲಿ ಮುಂದಿನವರು ಅವರೇ. ಹನ್ನೊಂದಕ್ಕೆ ಸ್ಮಶಾನದಲ್ಲಿರಬೇಕು, ಆಮೇಲೆ ಅಲ್ಲಿ ಇನ್ನೊಬ್ಬರನ್ನು ಹೂಳುವ ಸರದಿ.

ಬೆಳಗಿನಿಂದ ಅವಳಿಗೆ ಕೂರಲು ಆಗಿರಲಿಲ್ಲ. ಅಡುಗೆಮನೆಗೆ ಹೋಗಿ, ಯಾಕೆ ಬಂದೆನೆಂದು ಮರೆತು ವಾಪಸಾಗಿದ್ದಳು. ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚಿದ್ದಳು. ಮೂರು ದಿನದ ಜ್ವರ ಗಂಡನನ್ನು ಒಯ್ದದ್ದು ಇನ್ನೂ ತಲೆಗೆ ಹತ್ತಿರಲಿಲ್ಲ. ಹತ್ತಿದ್ದು ಒಂದೇ: ಇವರು ಅವನನ್ನು ಕೈಜಾರಿ ಬೀಳಿಸುತ್ತಾರೆ. ಹನ್ನೊಂದು ವರ್ಷ ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡಿ, ಒಂದು ತೊಲೆಯನ್ನೂ ನೆಲಕ್ಕೆ ಬಡಿಯಲು ಬಿಡದವನನ್ನು.

ಬೀದಿಯಲ್ಲಿ, ಎದುರು ಗೋಡೆಗೆ ಒತ್ತಿಕೊಂಡು ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಆ ಬೀದಿಯಲ್ಲಿ ಆ ಮೈಬಣ್ಣ ಅವನೊಬ್ಬನದೇ.

"ಇವನ್ಯಾರು? ಆ ಜನ ಇಲ್ಲಿಗೂ ಬರೋಕೆ ಶುರು ಮಾಡಿದ್ರಾ?" ಎಂದರು ಭಾವ.

"ಕ್ರೇನ್ ಓಡಿಸೋನಂತೆ ಕಣೋ," ಎಂದರು ಅತ್ತೆ. "ನಿನ್ನ ತಮ್ಮನ ಜೊತೆ ಕೆಲಸ ಮಾಡ್ತಿದ್ದ."

"ಕೆಲಸದವನು ಕೆಲಸದ ಹತ್ರ ಇರ್ಲಿ. ಸ್ಮಶಾನದ ಬೇಲಿ ಒಳಗೆ ನಮ್ಮೋರು ಸಾಕು."

ಅವಳು ಅವನನ್ನು ನೋಡುತ್ತಿದ್ದುದು ಇದೇ ಮೊದಲು. ಆದರೆ ಅವನ ಸುದ್ದಿ ಬಾರದ ಸಂಜೆ ಮನೆಯಲ್ಲಿ ಇರಲಿಲ್ಲ. ಗಂಡ ಹದ್ದು ಎನ್ನುತ್ತಿದ್ದವನು ಇವನೇ.

* * *

"ಹದ್ದು ಇವತ್ತು ಏನು ಕೇಳ್ದ ಗೊತ್ತಾ? ಕೆಳಗಿನ ಸಾಹೇಬ್ರೇ, ನಿಮ್ಮ ನೆತ್ತಿ ಬೋಳಾಗ್ತಿದೆ, ಮನೇಲಿ ಹೇಳಿದ್ರಾ ಅಂತ."

ಅಂಥ ಒಂದು ಸಂಜೆ ಗಂಡ ಅವಳಿಂದ ಕತ್ತು ಒತ್ತಿಸಿಕೊಳ್ಳುತ್ತಿದ್ದ. ದಿನವಿಡೀ ಮೇಲೆ ನೋಡಿ ಅದು ಹಿಡಿದುಕೊಂಡಿರುತ್ತಿತ್ತು.

"ನಿಮ್ಮನ್ನ ಸಾಹೇಬ್ರು ಅಂತಾನಾ?"

"ನಾನು ಆಡಿಸಿದ ಹಾಗೆ ಆಡ್ಬೇಕಲ್ಲ! ಹೊರೆ ಕೆಳಗೆ ಏನಿದೆ ಅವನಿಗೆ ಕಾಣಲ್ಲ. ಕಾಣೋದು ನನ್ನ ಕೈ ಅಷ್ಟೇ."

ಊಟದ ಹೊತ್ತಿಗೆ ಹದ್ದಿನ ಜನಕ್ಕೊಂದು ಶೆಡ್ಡು, ಗಂಡನ ಜನಕ್ಕೊಂದು. ಯಾರೂ ಬರೆದು ಹಾಕಿರಲಿಲ್ಲ, ಹಾಗೇ ನಡೆದುಬಂದಿತ್ತು. ಇವರಿಬ್ಬರು ಮಾತ್ರ ಕ್ರೇನಿನ ಏಣಿಯ ಬುಡದಲ್ಲಿ ಕೂತು ತಿನ್ನುತ್ತಿದ್ದರು.

"ಅಲ್ಲಿ ಬಿಸಿಲಲ್ವಾ?"

"ಬಿಸಿಲೇ. ಎರಡೂ ಕಡೆಯೋರು ಬೈತಾರೆ. ಆದ್ರೆ ಅಷ್ಟು ದೂರ ಬಂದು ಬೈಯೋಕೆ ಅವರಿಗೂ ಬಿಸಿಲು."

ಅವಳು ಮಗಳನ್ನು ತೊಟ್ಟಿಲಿಗೆ ಇಳಿಸುವಾಗ ಗಂಡ ಅವಳಿಗೂ ಸನ್ನೆ ಮಾಡುತ್ತಿದ್ದ. ಬೆರಳು ಕೆಳಗೆ ಮಾಡಿ ಸಣ್ಣ ಸುತ್ತು: ಇಳಿಸು. ಅದರ ಮೇಲೆ ಇನ್ನೊಂದು ಅಂಗೈ ಅಲುಗದೆ ಹಿಡಿದರೆ: ಇನ್ನೂ ನಿಧಾನ. ಎರಡೂ ತೋಳು ಅಗಲಿಸಿ ಬೀಸಿದರೆ: ನಿಲ್ಲಿಸು. ಮಗು ಎಚ್ಚರಾಗದೆ ಮಲಗಿತೆಂದರೆ ಹೊಟ್ಟೆಯ ಮುಂದೆ ಎರಡೂ ಕೈ ಬೆಸೆದು ನಿಲ್ಲುತ್ತಿದ್ದ. ಕೆಲಸ ಮುಗಿಯಿತು.

"ಈ ಕೊನೇದು ತೋರಿಸೋವರೆಗೆ ಹದ್ದು ಹಿಡಿಕೆಯಿಂದ ಕೈ ತೆಗಿಯಲ್ಲ. ಮಳೆ ಬರ್ಲಿ, ಊಟದ ಗಂಟೆ ಹೊಡೀಲಿ."

* * *

ಸ್ಮಶಾನದಲ್ಲಿ ನಾಲ್ವರೂ ಪೆಟ್ಟಿಗೆ ಕಟ್ಟಿದ ಹಗ್ಗಗಳನ್ನು ಗುಂಡಿಗೆ ಬಿಡತೊಡಗಿದರು. ಭಾವನ ಕೈಯ ಹಗ್ಗ ಬೇಗ ಜಾರಿತು. ಪೆಟ್ಟಿಗೆಯ ತಲೆಭಾಗ ವಾಲಿತು. ಒಳಗೆ ಏನೋ ಸರಿದ ಸದ್ದು.

ಬೇಲಿಯಾಚೆ ಹದ್ದಿನ ಎರಡೂ ತೋಳು ಬೀಸಿದವು. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಅವಳು ನೋಡಿದಳು.

"ನಿಲ್ಲಿಸಿ!"

ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಮನೆಯವರಿಗೆ ಗೊತ್ತಿರಲಿಲ್ಲ. ಹಗ್ಗಗಳು ನಿಂತವು.

"ಅಣ್ಣಾ, ಒಳಗೆ ಬನ್ನಿ," ಎಂದಳು ಹದ್ದಿನ ಕಡೆ ತಿರುಗಿ.

"ಅವನ್ಯಾಕಮ್ಮ ಈಗ? ಹೊತ್ತಾಗ್ತಿದೆ."

"ಭಾವ, ನಿಮಗೆ ಕೆಳಗೆ ಕಾಣ್ತಿಲ್ಲ. ಅವರ ಕೈ ನೋಡಿ, ಅಷ್ಟು ಸಾಕು."

ಭಾವನ ಅಂಗೈ ಹಗ್ಗಕ್ಕೆ ಉಜ್ಜಿ ಕೆಂಪಾಗಿತ್ತು. ಅವರು ಹಗ್ಗ ಬಿಗಿಹಿಡಿದು, ಹದ್ದಿಗೆ ಜಾಗ ಬಿಟ್ಟು ಸರಿದರು.

ಹದ್ದು ಗುಂಡಿಯ ತಲೆಯ ಕಡೆ ಕಾಲು ಅಗಲಿಸಿ ನಿಂತ.

"ಇಷ್ಟು ವರ್ಷ ಸನ್ನೆ ನೋಡಿದ್ದೇ ಆಯ್ತಮ್ಮ, ಮಾಡಿದ್ದಿಲ್ಲ," ಎಂದ. "ತಪ್ಪಾದ್ರೆ ಬೈಕೋಬೇಡಿ."

ಭಾವನನ್ನು ಅಂಗೈಯಿಂದ ತಡೆದು, ಉಳಿದವರು ಹಗ್ಗ ಸ್ವಲ್ಪ ಬಿಡುವಂತೆ ಮಾಡಿ ಪೆಟ್ಟಿಗೆಯನ್ನು ಸಮಕ್ಕೆ ತಂದ. ಆಮೇಲೆ ಬೆರಳು ಸುತ್ತತೊಡಗಿತು, ಅದರ ಮೇಲೆ ಅಲುಗದ ಅಂಗೈ. ಪೆಟ್ಟಿಗೆ ಒಂದೊಂದೇ ಅಂಗುಲ ಇಳಿಯಿತು. ಮಣ್ಣು ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಹಗ್ಗ ಸಡಿಲವಾಯಿತು.

ಬೆರಳು ಮಾತ್ರ ಸುತ್ತುತ್ತಲೇ ಇತ್ತು.

"ಮುಟ್ತಲ್ಲಪ್ಪ," ಎಂದರು ಭಾವ ಮೆತ್ತಗೆ. "ಸಾಕು."

ಅದು ನಿಲ್ಲಲಿಲ್ಲ.

ಅವಳು ಸೊಂಟದ ಮೇಲಿದ್ದ ಮಗಳನ್ನು ಅತ್ತೆಯ ಕೈಗೆ ಕೊಟ್ಟಳು. ಗುಂಡಿಯ ಈಚೆ ಅಂಚಿಗೆ, ಅವನಿಗೆ ಕಾಣುವಲ್ಲಿ ಬಂದು ನಿಂತಳು. ಹೊಟ್ಟೆಯ ಮುಂದೆ ಎರಡೂ ಕೈ ಬೆಸೆದು, ಅವನ ಬೆರಳು ನಿಲ್ಲುವವರೆಗೂ ಹಾಗೇ ಹಿಡಿದಳು.