ಮೆಟ್ಟಿಲಿಲ್ಲದ ಗೆರೆ

ಸೀರೆಯ ಅಂಚಿನಲ್ಲಿ ಒಂದು ಮಾವಿನಕಾಯಿ ಬಾಗಬೇಕಾದರೆ ಅದು ಮೊದಲು ಗ್ರಾಫ್ ಕಾಗದದ ಮೇಲೆ ಮೆಟ್ಟಿಲು ಹತ್ತಬೇಕು. ಒಂದು ಚೌಕ ಮೇಲೆ, ಎರಡು ಚೌಕ ಪಕ್ಕಕ್ಕೆ, ಮತ್ತೆ ಒಂದು ಮೇಲೆ. ಕೆಂಪು ತುಂಬಿದ ಚೌಕಕ್ಕೆ ಮಗ್ಗಕ್ಕೆ ಹಾಕುವ ರಟ್ಟಿನಲ್ಲಿ ತೂತು, ಖಾಲಿ ಚೌಕಕ್ಕೆ ಇಲ್ಲ. ಆ ತೂತುಗಳ ಲೆಕ್ಕ ಹಿಡಿದು ಮಗ್ಗ ನೂಲೆತ್ತುತ್ತದೆ. ಅವಿನಾಶಿ ಎಂಬ ಊರಿನಲ್ಲಿ ಜಯರಾಮನ್ ಅವರ ಸೀರೆ ಕಾರ್ಖಾನೆಯಲ್ಲಿ ಚೌಕ ತುಂಬುವ ಈ ಕೆಲಸ ಪದ್ಮಾಕ್ಷಿಯದು. ಕೊಯಮತ್ತೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಕಿಟಕಿಯ ಪಕ್ಕದ ಮೇಜಿಗೆ ಕೂತರೆ ಸಂಜೆಯವರೆಗೂ ಅದೇ. ಇಷ್ಟು ವರ್ಷಕ್ಕೆ ಅವಳ ಕಣ್ಣು ಎಲ್ಲದರಲ್ಲೂ ಮೆಟ್ಟಿಲು ಕಾಣುವುದನ್ನು ಕಲಿತುಬಿಟ್ಟಿತ್ತು. ತಾಯಿಯ ಕಿವಿಯ ಸುರುಳಿ, ತಟ್ಟೆಯ ಅಂಚು, ಆಕಾಶದಲ್ಲಿ ಸುತ್ತುವ ಹದ್ದು, ಯಾವುದನ್ನೇ ನೋಡಲಿ, ಮನಸ್ಸು ತಾನಾಗಿ ಅದನ್ನು ಚೌಕಗಳಾಗಿ ಒಡೆದುಬಿಡುತ್ತಿತ್ತು.

ಹುಡುಗಿಯಾಗಿದ್ದಾಗ ಅವಳಿಗೆ ಮದರಾಸಿಗೆ ಹೋಗಿ ಚಿತ್ರ ಕಲಿಯುವ ಆಸೆಯಿತ್ತು. ಅಪ್ಪ ಬೇಡವೆಂದೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಮದುವೆಯ ಸಂಬಂಧಗಳು ಬಂದವು, ಹೋದವು. ಅಪ್ಪ ತೀರಿಕೊಂಡ ಮೇಲೆ ಯಾರೋ ಈ ಕೆಲಸ ಹೇಳಿದರು, ಬಂದು ಸೇರಿದಳು. ಚಿತ್ರದ ಕೆಲಸವೇ ತಾನೆ ಎಂದರು ಎಲ್ಲರೂ. ಹೌದೆಂದು ಅವಳೂ ತಲೆಯಾಡಿಸಿದ್ದಳು.

ಎಂಬತ್ತೆಂಟನೇ ಇಸವಿಯ ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಬೆಂಗಳೂರಿನಿಂದ ಕಂಪ್ಯೂಟರ್ ಬಂತು. ಹೊರಗೆ ಗಾಳಿ ಧೂಳೆಬ್ಬಿಸಿ ಕುಣಿಯುತ್ತಿತ್ತು, ಯಂತ್ರದೊಳಗೆ ಒಂದು ಕಣ ಹೋಗಬಾರದೆಂದು ಡಿಸೈನ್ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ತಂದವನು ರಂಗನಾಥ ಎಂಬ ಕಂಪೆನಿಯ ಯುವಕ. ಯಂತ್ರ ಒಂದೇ, ಅದರ ಜೊತೆಗೆ ಚಿತ್ರ ಬರೆಯುವ ಹಲಗೆಗಳು ಎರಡು ಬಗೆ. ಎಲ್ಲರೂ ಮುದಲಾಳಿ ಎನ್ನುವ ಮಾಲೀಕ ಜಯರಾಮನ್ ಎರಡರಲ್ಲಿ ಒಂದನ್ನು ಕೊಳ್ಳುವವರು. ಎರಡನ್ನೂ ನೀವೇ ಬಳಸಿ ನೋಡಿ ಹೇಳಿ ಎಂದು ಅವರು ಪದ್ಮಾಕ್ಷಿಗೆ ಬೆಳಿಗ್ಗೆಯೇ ಹೇಳಿದ್ದರು.

ಮೊದಲನೆಯದು ದೊಡ್ಡ ಹಲಗೆ. ಅದರ ಮೇಲೆ ಸೋಪಿನ ಬಿಲ್ಲೆಯಷ್ಟು ದೊಡ್ಡ ಒಂದು ಗುಂಡಿಯಿರುವ ಪೆಟ್ಟಿಗೆ, ಮುಂದುಗಡೆ ಗಾಜು, ಗಾಜಿನಲ್ಲಿ ಕೂದಲೆಳೆಯಷ್ಟು ಸಣ್ಣ ಕೂಡು ಗುರುತು. ಹಳೆಯ ಗ್ರಾಫ್ ಹಾಳೆಯನ್ನು ಹಲಗೆಗೆ ಅಂಟಿಸಿ, ಗಾಜನ್ನು ಚೌಕದ ಮೇಲೆ ತಂದು ಗುಂಡಿ ಒತ್ತಿದರೆ ಪರದೆಯಲ್ಲಿ ಅದೇ ಚೌಕ ತುಂಬುತ್ತಿತ್ತು. ತಪ್ಪಾಗಲು ಜಾಗವೇ ಇರಲಿಲ್ಲ. ಪದ್ಮಾಕ್ಷಿ ಒಂದು ರುದ್ರಾಕ್ಷಿ ಅಂಚನ್ನು ಕಾಫಿ ಬರುವಷ್ಟರಲ್ಲಿ ಒತ್ತಿ ಮುಗಿಸಿದಳು. ಮುದಲಾಳಿಯ ಮುಖ ಅರಳಿತು. ಕಪಾಟು ತುಂಬ ಅವಳ ಹಳೆಯ ಹಾಳೆಗಳಿದ್ದವು, ಅಂಚು ಹರಿದವು, ಗೆದ್ದಲು ರುಚಿ ನೋಡಿದವು. ಅವೆಲ್ಲ ಯಂತ್ರದೊಳಗೆ ಸೇರಿದರೆ ಅವರಿಗೆ ಅಷ್ಟೇ ಸಾಕು.

ಎರಡನೆಯದು ಮಣೆಯಷ್ಟು ಚಿಕ್ಕ ಹಲಗೆ. ಅದರ ಜೊತೆ ಬಾಲದಂಥ ವೈರು ಕಟ್ಟಿದ ಒಂದು ಪೆನ್ನು. ಶಾಯಿಯಿಲ್ಲ, ಸೀಸವಿಲ್ಲ. ರಂಗನಾಥ ಅದನ್ನು ಅವಳ ಕೈಗಿಟ್ಟು, “ಸುಮ್ಮನೆ ಬರೀರಿ ಮೇಡಂ, ಚೌಕದ ಯೋಚನೆ ಬಿಡಿ. ಚೌಕ ಮಾಡೋದು ಯಂತ್ರದ ಕೆಲಸ” ಎಂದ.

ಚೌಕದ ಯೋಚನೆ ಬಿಡಿ. ಅವಳಿಗೆ ಯಾರೂ ಹಾಗೆ ಹೇಳಿರಲಿಲ್ಲ. ಪೆನ್ನಿನ ಮೊನೆ ಹಲಗೆಗೆ ತಾಗಿತು, ಎದುರಿನ ಪರದೆಯಲ್ಲಿ ಹಸಿರು ಗೆರೆಯೊಂದು ನೀರು ಹರಿದಂತೆ ಹರಿಯಿತು. ಇದು ಬೇಕು ಅನ್ನಿಸಿತು. ಸೀರೆ, ಒಡವೆ, ಮನೆ ಯಾವುದರ ಮುಂದೆಯೂ ಅವಳಿಗೆ ಹಾಗೆ ಅನ್ನಿಸಿರಲಿಲ್ಲ.

ಮಾವಿನಕಾಯಿಯ ಹೊಟ್ಟೆಯವರೆಗೆ ಗೆರೆ ಚೆನ್ನಾಗಿ ಬಂತು. ತುದಿಯ ಕೊಕ್ಕೆ ಬಂದಾಗ ಅವಳ ಎಡಗೈ ತನ್ನ ಪಾಡಿಗೆ ಹಲಗೆಯನ್ನು ತಿರುಗಿಸಿತು. ಗ್ರಾಫ್ ಬರೆಯುವವರೆಲ್ಲ ಹಾಗೆಯೇ. ಕೈ ಬಾಗುವ ಕಡೆಗೆ ಕಾಗದವನ್ನು ತಿರುಗಿಸಿಕೊಳ್ಳುತ್ತಾರೆ, ತಿರುಗಿಸಿದ್ದು ಅವರಿಗೇ ಗೊತ್ತಿರುವುದಿಲ್ಲ. ಕಾಗದವಾದರೆ ಬರೆದ ಗೆರೆಯೂ ಜೊತೆಗೆ ತಿರುಗುತ್ತದೆ. ಪರದೆ ತಿರುಗಲಿಲ್ಲ. ಕೊಕ್ಕೆ ಒಳಗೆ ಸುತ್ತುವ ಬದಲು ಹೊರಗೆ ಜಿಗಿದು ಮಾವಿನಕಾಯಿಗೆ ಕೊಂಬು ಮೂಡಿತು. ಸರಿಮಾಡಲು ಹೋಗಿ ಇನ್ನಷ್ಟು ತಿರುಗಿಸಿದಳು, ಇನ್ನೊಂದು ಕೊಂಬು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನಕ್ಕರು. ಮುದಲಾಳಿ ನಗಲಿಲ್ಲ, ಆದರೆ ದೊಡ್ಡ ಹಲಗೆಯ ಕಡೆ ತಿರುಗಿ ಅದರ ಬೆಲೆ ಕೇಳಿದರು. ಊಟವಾದ ಮೇಲೆ ಮಾತು ಮುಗಿಸೋಣ ಎಂದು ಹೊರಟರು.

ಊಟದ ಹೊತ್ತಿಗೆ ರಟ್ಟಿಗೆ ತೂತು ಹೊಡೆಯುವ ವೇಲುಸಾಮಿ ತನ್ನ ಡಬ್ಬಿ ಹಿಡಿದು ಅವಳ ಎದುರು ಕೂತ. ಪೊಳ್ಳಾಚಿ ಕಡೆಯ ಕನ್ನಡದ ಬೇಸಾಯಗಾರರ ಮನೆಯವನು. ಇಡೀ ಕಾರ್ಖಾನೆಯಲ್ಲಿ ಅವಳ ಜೊತೆ ಮನೆಮಾತಾದ ಕನ್ನಡದಲ್ಲಿ ಮಾತಾಡುವವನು ಅವನೊಬ್ಬನೇ.

“ಕೊಂಬಿನ ಮಾವಿನಕಾಯಿ ನಾನು ಇವತ್ತೇ ಕಂಡಿದ್ದು ಅಮ್ಮಣಿ. ಪೊಳ್ಳಾಚಿ ದನದ ಸಂತೆಗೆ ಹೊಡ್ಕೊಂಡೋದ್ರೆ ಒಳ್ಳೆ ರೇಟು ಬರ್ತದೆ.”

ಅವಳು ನಗಲಿಲ್ಲ. ಮೊಸರನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು. ವೇಲುಸಾಮಿ ದನಿ ಇಳಿಸಿದ.

“ಆ ಗಾಜು ಬಂದ್ರೆ ನಿಂಗೆ ಏನ್ ತೊಂದ್ರೆ? ಈಸಿ ಕೆಲ್ಸ ತಾನೆ. ಕುಂತ್ಕೊಂಡು ಒತ್ತೋದು.”

“ಒತ್ತೋದು ಯಾರು ಬೇಕಾದ್ರೂ ಒತ್ತಬೋದು ವೇಲಣ್ಣ.”

“ಅಪ್ಪೊ ಆ ಪೆನ್ನೇ ಬೇಕಾ ನಿಂಗೆ?”

ಅವಳು ಮೊಸರನ್ನದ ತುತ್ತೊಂದನ್ನು ಬಾಯಿಗಿಟ್ಟಳು. ಬೇಕು ಎನ್ನುವ ಮಾತನ್ನು ಆ ಬಾಯಿ ಯಾವತ್ತೂ ಅಭ್ಯಾಸ ಮಾಡಿರಲಿಲ್ಲ. ವೇಲುಸಾಮಿ ಉಪ್ಪಿನಕಾಯಿ ನೆಕ್ಕುತ್ತ, ರಂಗೋಲಿ ಹಾಕೋವಾಗ ನಮ್ಮ ಹೆಣ್ಣುಗಳು ಬಾಗಿಲ ಮುಂದಿನ ಅಂಗಳವನ್ನಾ ತಿರುಗಿಸ್ತಾವೆ ಎಂದು ತಮಾಷೆಗೆ ಗೊಣಗಿದ. ಪದ್ಮಾಕ್ಷಿಯ ಕೈ ತುತ್ತಿನ ಮೇಲೆಯೇ ನಿಂತಿತು.

ಮಧ್ಯಾಹ್ನ ಮುದಲಾಳಿ ಬಂದು ಕೂರುವಷ್ಟರಲ್ಲಿ ಅವಳು ರಂಗನಾಥನಿಗೆ ಹೇಳಿ ಮೇಜನ್ನು ಗೋಡೆಯಿಂದ ಕೋಣೆಯ ನಡುವಿಗೆ ಎಳೆಸಿದ್ದಳು. ಇನ್ನೊಂದು ಸಲ ಬರೆಯುತ್ತೇನೆ ಎಂದು ತಮಿಳಿನಲ್ಲಿ ಕೇಳಿಕೊಂಡಳು. ಅವರು ಗಡಿಯಾರ ನೋಡಿ ಆಗಲಿ ಎಂದರು.

ಈ ಸಲ ಅವಳ ಎಡಗೈ ಚಿಕ್ಕ ಹಲಗೆಯನ್ನು ತಿರುಗಿಸಲೇ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಿಂತೇ ಪೆನ್ನು ಹಿಡಿದಳು. ಗೆರೆ ಬಾಗಿದಲ್ಲಿ ಅವಳೂ ಮೇಜಿನ ಸುತ್ತ ಒಂದು ಹೆಜ್ಜೆ ಸರಿದಳು, ಬೆಳಗಿನ ಜಾವ ಸಗಣಿ ಸಾರಿಸಿದ ಅಂಗಳದಲ್ಲಿ ಬಗ್ಗಿ ಸರಿದಂತೆ. ಪರದೆ ಈಗ ಅವಳ ಬೆನ್ನ ಹಿಂದಾಯಿತು. ನೋಡುವ ಅಗತ್ಯವೇ ಬೀಳಲಿಲ್ಲ. ದಿನಾ ರಂಗೋಲಿ ಹಿಟ್ಟು ಉದುರಿಸಿದ ಬೆರಳುಗಳಿಗೆ ದಾರಿ ಗೊತ್ತಿತ್ತು. ವೈರು ಸುತ್ತಿಕೊಳ್ಳದಿರಲೆಂದು ರಂಗನಾಥ ಅದನ್ನು ಎತ್ತಿ ಹಿಡಿದು ಅವಳ ಹಿಂದೆಯೇ ಸುತ್ತಿದ, ಮದುವೆಯಲ್ಲಿ ಹೆಣ್ಣಿನ ಸೆರಗು ಹಿಡಿದವನ ಹಾಗೆ ಎಂದು ವೇಲುಸಾಮಿ ಪಿಸುಗುಟ್ಟಿದ. ಈ ಸಲ ಯಾರೂ ನಗಲಿಲ್ಲ.

ಅವಳು ಬರೆದದ್ದು ಮಾವಿನಕಾಯಿಯಲ್ಲ. ಬಳ್ಳಿಯೂ ಅಲ್ಲ, ಹಂಸವೂ ಅಲ್ಲ. ಮುಗಿದ ಮೇಲೆ ತಿರುಗಿ ನೋಡಿದಾಗ ಪರದೆಯ ತುಂಬ ಒಂದೇ ಗೆರೆ, ಎಲ್ಲಿಯೂ ಕಡಿಯದೆ, ತನ್ನನ್ನೇ ದಾಟಿ, ಮತ್ತೆ ತನ್ನೊಳಗೆ ಹೊಕ್ಕು ಬಂದಿತ್ತು. ರಂಗನಾಥ ಒಂದು ಗುಂಡಿ ಒತ್ತಿ ಅದನ್ನು ಹಿಗ್ಗಿಸಿ ತೋರಿಸಿದ. ಹತ್ತಿರದಿಂದ ನೋಡಿದರೆ ಅಲ್ಲಿಯೂ ಮೆಟ್ಟಿಲುಗಳೇ. ಅವಳಿಗೆ ಬೇಸರವಾಗಲಿಲ್ಲ. ಮೆಟ್ಟಿಲು ಯಂತ್ರದ್ದು. ಕೈ ಮಾತ್ರ ಒಂದನ್ನೂ ಹತ್ತಿರಲಿಲ್ಲ.

ಮುದಲಾಳಿ ಕನ್ನಡಕ ತೆಗೆದು ಒರೆಸಿದರು. ಚೆನ್ನಾಗಿದೆ ಎಂದರು, ಮನಸ್ಸಿನಿಂದಲೇ ಎಂದರು. ಆಮೇಲೆ, “ನೀವೇ ಸೊಲ್ಲುಂಗಮ್ಮಾ, ಎದು ವಾಂಗಲಾಂ?” ಎಂದು ಕೇಳಿದರು.

ಯಾವುದನ್ನು ಕೊಳ್ಳಬೇಕು? ಕಪಾಟಿನಲ್ಲಿದ್ದ ಹಾಳೆಗಳ ರಾಶಿ ಅವಳಿಗೂ ಕಾಣುತ್ತಿತ್ತು. ಪೆನ್ನಿನಲ್ಲಿ ಅವನ್ನು ತಿದ್ದಿ ಮುಗಿಸಲು ಒಂದು ಜನ್ಮ ಸಾಲದು, ಒಂದು ಚೌಕ ತಪ್ಪಿದರೂ ನೇಯ್ದ ಅಂಚೆಲ್ಲ ಸೊಟ್ಟ. ಸುಳ್ಳು ಹೇಳಿದರೆ ಪೆನ್ನು ಸಿಗಬಹುದಿತ್ತು. ಅವರು ಅವಳ ಮಾತನ್ನು ನಂಬುತ್ತಿದ್ದರು, ಅದೇ ಕಷ್ಟವಾಗಿದ್ದು.

“ಕಾರ್ಖಾನೆಗೆ ಆ ಗಾಜೇ ಸರಿ ಸಾರ್,” ಎಂದಳು ತಮಿಳಿನಲ್ಲಿ. ಅಲ್ಲಿಗೇ ನಿಲ್ಲಿಸಲಿಲ್ಲ. “ನನಗೆ ಬೇಕಾದದ್ದು ಈ ಪೆನ್ನು.”

ಮುದಲಾಳಿ ಅವಳ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಈ ವರ್ಷ ಒಂದನ್ನೇ ಕೊಳ್ಳಲು ಆಗುವುದು, ಮುಂದೆ ನೋಡೋಣ ಎಂದು ಮೆಲ್ಲಗೆ ಹೇಳಿ ದೊಡ್ಡ ಹಲಗೆಗೆ ಒಪ್ಪಿಗೆ ಕೊಟ್ಟು ಎದ್ದರು. ಮುಂದೆ ನೋಡೋಣ ಎಂದರೇನೆಂದು ಅವಳಿಗೆ ಗೊತ್ತಿತ್ತು. ಕಣ್ಣು ತುಂಬಬಹುದೆಂದು ಕಾದಳು, ತುಂಬಲಿಲ್ಲ. ಕೇಳಿದ್ದಳಲ್ಲ, ತನ್ನ ಬಾಯಿಯಿಂದಲೇ, ಎಲ್ಲರ ಎದುರಿಗೆ. ಸಿಗದಿದ್ದ ಸಂಕಟದ ಪಕ್ಕದಲ್ಲೇ ಅದೊಂದು ಬಿಸಿಯಾಗಿ ಕೂತಿತ್ತು.

ರಂಗನಾಥ ಪೆನ್ನಿನ ಸುತ್ತ ವೈರು ಸುತ್ತಿ ಡಬ್ಬಿಗೆ ಹಾಕಿದ. ಚಿಕ್ಕ ಹಲಗೆಯನ್ನು ಥರ್ಮೋಕೋಲಿನ ನಡುವೆ ಇಟ್ಟ. ಪರದೆಯಲ್ಲಿ ಗೆರೆ ಇನ್ನೂ ಹಸಿರಾಗಿ ಉರಿಯುತ್ತಿತ್ತು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ.

“ಆರಿಸಲಾ ಮೇಡಂ?” ಎಂದು ಕೇಳಿದ ಅವನು, ಸ್ವಿಚ್ಚಿನ ಮೇಲೆ ಬೆರಳಿಟ್ಟು.

“ಇರು ತಂಬಿ,” ಎಂದ ವೇಲುಸಾಮಿ ಬಾಗಿಲಿನಿಂದ. “ಅಮ್ಮಣಿ ನೋಡ್ತವ್ರೆ.”

ವ್ಯಾನಿನವನು ಮತ್ತೊಮ್ಮೆ ಹಾರ್ನ್ ಹೊಡೆದ. ರಂಗನಾಥ ಬೆರಳು ತೆಗೆದು, ಕೈಕಟ್ಟಿ ನಿಂತ.